ಎಡಕ್ಕೆ ಸುತ್ತಿದ ಹಗ್ಗ

ಅಶೋಕಪುರಂ, ಮೈಸೂರು
17 ನವೆಂಬರ್ 2025, ಸೋಮವಾರ

ನನ್ನ ಬಂಗಾರಿ ಮಧು,

ಹೇಗಿದ್ದೀಯ ಮಗಳೇ? ಪರೇಡಿನ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಮಾಯಿತಾ? ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು, ಯಾರಾದರೂ ನಕ್ಕರೆ ನಗಲಿ. ನೌಕಾಪಡೆಯವರು ತರಬೇತಿ ಮುಗಿಯುವವರೆಗೆ ಫೋನು ಮುಟ್ಟಲು ಬಿಡುವುದಿಲ್ಲ ಎಂದು ನಿಮ್ಮಮ್ಮ ದಿನಾ ಗೊಣಗುತ್ತಾಳೆ. ನನಗಂತೂ ಒಳಗೊಳಗೇ ಖುಷಿ. ಫೋನಿದ್ದಿದ್ದರೆ ಅವಳೇ ಕಸಿದುಕೊಂಡು ಎಲ್ಲ ಒದರಿಬಿಡುತ್ತಿದ್ದಳು, ಈ ಸುದ್ದಿ ಹೇಳುವ ಭಾಗ್ಯ ನನಗೆಲ್ಲಿ ಸಿಗುತ್ತಿತ್ತು! ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಜಗಳ ಶುರುವಾದದ್ದೂ ಆ ಮಂಡಿಯಿಂದಲೇ ಕಣಮ್ಮ. ನಿನಗೆ ಗಾಬರಿಯಾದೀತೆಂದು ಮೊದಲೇ ಬರೆಯಲಿಲ್ಲ. ದಸರಾ ರಜೆಯಲ್ಲಿ ಕನ್ನಂಬಾಡಿ ಹಿನ್ನೀರಿನಲ್ಲಿ ನಮ್ಮ ಹಾಯಿದೋಣಿ ಓಡಿಸುತ್ತಿದ್ದಾಗ ಗಾಳಿ ಜೋರಾಯಿತು. ಮುಂದಿನ ಹಾಯಿ ಇಳಿಸಲು ದೋಣಿಯ ಮೂತಿಯವರೆಗೆ ಹೋದೆ, ಮಂಡಿ ಕೈಕೊಟ್ಟಿತು, ದಬಕ್ಕನೆ ನೀರಿಗೆ ಬಿದ್ದೆ. ಮೈಮೇಲೆ ಜಾಕೆಟ್ ಇತ್ತು, ಏನೂ ಆಗಲಿಲ್ಲ. ಆದರೆ ದಡದಲ್ಲಿದ್ದ ನಿಮ್ಮಮ್ಮ ಎಲ್ಲ ನೋಡಿಬಿಟ್ಟಳು. ಅಲ್ಲೇ ಫರ್ಮಾನು ಹೊರಟಿತು: "ಮಾರಿಬುಡಿ ಅದನ್ನ. ನೀವು ನೀರಲ್ಲಿ ಮುಳುಗ್ತಿದ್ರೆ ನಾನು ದಡದಲ್ಲಿ ನಿಂತು ಬಾಯಿ ಬಡ್ಕೋಬೇಕಾ?" ಶ್ರೀರಾಂಪುರದ ಮರಿಯಯ್ಯ ಎಂಬುವವರು ಬಂದು ದೋಣಿ ನೋಡಿ, ಒಪ್ಪಿ, ನವೆಂಬರ್ ಹದಿನೇಳರ ಸೋಮವಾರ ಬಂದು ಮಾತು ಮುಗಿಸುತ್ತೇನೆ ಎಂದೂ ಹೋದರು. ನನಗೆ ಅನ್ನ ಸೇರಲಿಲ್ಲ ಮಗಳೇ. ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದ ಮೇಲೆ ನಾನು ಬದುಕಿದ್ದೇ ಆ ದೋಣಿಯಲ್ಲಿ. ಒಡೆದ ಹಲಗೆಗೆ ನೀನೂ ನಾನೂ ಸೇರಿ ತೇಪೆ ಹಾಕಿದ್ದು, ನೀನು ಗಾಳಿಯ ಜೊತೆ ಮಾತಾಡಲು ಕಲಿತದ್ದು, ಎಲ್ಲ ಅದರಲ್ಲೇ. ಅದನ್ನು ಬೇರೆಯವರು ಎಳೆದುಕೊಂಡು ಹೋಗಬೇಕಾ?

ಕೊನೆಗೆ ಗೋಗರೆದೆ. ಕೂತ ಜಾಗದಿಂದ ಏಳದೆ ಹಾಯಿ ಸುತ್ತಿಡುವ ಏರ್ಪಾಡು ಮಾಡುತ್ತೇನೆ, ಒಂದು ಅವಕಾಶ ಕೊಡು ಎಂದೆ. ಅವಳ ಷರತ್ತು ಕೇಳು: "ನೀವು ಸುತ್ತೋದಲ್ಲ ಕಣ್ರೀ. ನಿಮಗೇನಾದ್ರೂ ಆದ್ರೆ ನಾನು ಸುತ್ತೋ ಹಂಗಿರ್ಬೇಕು. ಹಂಗಿದ್ರೆ ನೋಡಣ." ಆಹಾ, ಸಾಕಲ್ಲ! ಮುಂಬಯಿಯಿಂದ ಸುರುಳಿ ಡ್ರಮ್ಮು ತರಿಸಿದೆ. ನಿನಗೆ ಗೊತ್ತಿರುವುದೇ, ಆದರೂ ಹೇಳುವ ಚಪಲ: ಹಾಯಿ ಬಿಚ್ಚಿದಾಗ ಹಗ್ಗವೆಲ್ಲ ಡ್ರಮ್ಮಿನ ಮೇಲೆ ಸುತ್ತಿಕೊಂಡಿರುತ್ತದೆ. ಹಿಂದೆ ಕೂತು ಹಗ್ಗ ಎಳೆದರೆ ಡ್ರಮ್ಮು ತಿರುಗಿ, ಹಾಯಿ ಚಾಪೆಯ ಹಾಗೆ ತಾನೇ ಸುತ್ತಿಕೊಳ್ಳುತ್ತದೆ. ದೋಣಿಯ ಅಂಚಿನುದ್ದಕ್ಕೂ ಪುಟ್ಟ ರಾಟೆಗಳನ್ನು ಕೂರಿಸಿ ಹಗ್ಗವನ್ನು ಹಿಂದಿನ ಸೀಟಿನವರೆಗೆ ತಂದೆ. ಮೊದಲ ರಾಟೆ ಡ್ರಮ್ಮಿಗೆ ನೇರವಾಗಿರಲಿಲ್ಲ, ಹಗ್ಗ ಒಂದೇ ಕಡೆ ಗುಡ್ಡೆಯಾಗುತ್ತಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ನನ್ನ ಬಾಯಿಂದ ಏನೇನು ಬಂತೋ ಬರೆಯುವಂತಿಲ್ಲ.

ನಿನ್ನೆ ಬೆಳಿಗ್ಗೆ ಇಬ್ಬರೂ ಟೊಮ್ಯಾಟೊ ಬಾತಿನ ಡಬ್ಬಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊರಟೆವು. ದಡದಲ್ಲೇ ಡ್ರಮ್ಮನ್ನು ಕೈಯಲ್ಲಿ ತಿರುಗಿಸುತ್ತ ಅದಕ್ಕೆ ಹಗ್ಗ ಸುತ್ತಲು ಕೂತೆ. ಅಲ್ಲೇ ಎಡವಟ್ಟಾಯಿತು ನೋಡು. ನಿಮ್ಮಮ್ಮ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಕಣ್ಣಗಲಿಸಿದಳು: "ಬಲಕ್ಕೆ ಸುತ್ತಿ. ಒಳ್ಳೆ ಕೆಲ್ಸಕ್ಕೆ ಯಾರಾದ್ರೂ ಅಪ್ರದಕ್ಷಿಣೆ ಸುತ್ತುತಾರಾ?" ನಾನೂ ಬುದ್ಧಿವಂತ, ಸುತ್ತಿಬಿಟ್ಟೆ! ಹಾಯಿ ಏರಿಸಿ ಎಳೆದೆವು. ಹಾಯಿ ಏನೋ ಸುತ್ತಿಕೊಂಡಿತು, ಆದರೆ ಬಿಸಿಲು ತಡೆಯಲೆಂದು ಅಂಚಿಗೆ ಹೊಲಿಸಿದ ನೀಲಿ ಬಟ್ಟೆ ಒಳಗೆ ಹೋಗಿ, ಬಿಳಿ ಹಾಯಿ ಬಿಸಿಲಿಗೆ ಮುಖ ಕೊಟ್ಟು ನಿಂತಿತು. ಹಾಗೇ ಬಿಟ್ಟರೆ ಬೇಸಿಗೆ ಕಳೆಯುವಷ್ಟರಲ್ಲಿ ಹಾಯಿ ಹಪ್ಪಳವೇ. "ಸೀರೆ ಒಳಮಗ್ಗುಲು ಮೇಲೆ ಮಾಡಿ ಉಟ್ಟಂಗಾಯ್ತಲ್ರೀ" ಎಂದಳು. ಎಡಕ್ಕೇ ಸುತ್ತಬೇಕು ಎಂದು ಹೇಳಲು ನನಗೆ ಧೈರ್ಯವಿಲ್ಲ. ಶಕುನ ಸರಿಯಿಲ್ಲ ಎಂದು ಅವಳು ಎದ್ದು ನಡೆದರೆ ದೋಣಿಯೂ ಹೋಯಿತು. ಅವಳು ಡ್ರಮ್ಮನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಹೇಳಿದ್ದು ಕೇಳಿದರೆ ನೀನು ಕುಣಿದುಬಿಡುತ್ತೀಯ: "ಹಗ್ಗ ಎಡಕ್ಕೆ ಸುತ್ತಿದ್ರೆ ತಾನೇ, ಎಳ್ದಾಗ ಹಾಯಿ ಬಲಕ್ಕೆ ಸುತ್ತೋದು? ದೇವ್ರು ನೋಡೋದು ಹಾಯೀನೋ ಹಗ್ಗಾನೋ? ಬಿಚ್ಚಿ, ಬಿಚ್ಚಿ!"

ಬಿಚ್ಚಿ ಸುತ್ತಿದೆವು. ನೀರಿಗಿಳಿದೆವು. ಅವಳು ಜಾಕೆಟ್ಟಿನ ಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದು, ಚಾಮುಂಡಿ ತಾಯಿಯನ್ನು ನೆನೆಯುತ್ತ ಕೂತಿದ್ದಳು. ಹಿನ್ನೀರಿನ ನಡುವೆ ಹೋಗಿದ್ದೇವೆ, ಗಾಳಿ ಬಂತು ನೋಡು, ದೋಣಿ ಒಂದು ಮಗ್ಗುಲಿಗೆ ವಾಲಿತು! ನನ್ನ ಒಂದು ಕೈ ಚುಕ್ಕಾಣಿಯ ಮೇಲೆ, ಇನ್ನೊಂದು ಹಾಯಿಯ ಹಗ್ಗದ ಮೇಲೆ. "ಎಳಿ ಇಂದ್ರಾ!" ಎಂದು ಕೂಗಿದೆ. ನಾನು ಸಡಿಲಿಸುತ್ತ ಬಂದೆ, ಅವಳು ಕಣ್ಣು ಮುಚ್ಚಿಕೊಂಡು ಎಳೆದಳು. ಬಾವಿಯಿಂದ ನೀರು ಸೇದಿದ ತೋಳಲ್ಲವೇ, ಸರಸರ ಎಳೆದಳು. ಕಣ್ಣು ಬಿಟ್ಟು ನೋಡಿದರೆ ಅಷ್ಟು ದೊಡ್ಡ ಹಾಯಿ ನೀಲಿ ಕೋಲಿನ ಹಾಗೆ ತೆಪ್ಪಗೆ ನಿಂತಿದೆ, ದೋಣಿ ನೆಟ್ಟಗಾಗಿದೆ. ಅವಳು ನಕ್ಕ ನಗು ನೀನು ನೋಡಬೇಕಿತ್ತು ಮಧು. ಮದುವೆಯಾದಾಗಿನಿಂದ ನಾನೇ ನೋಡಿರಲಿಲ್ಲ. "ಇನ್ನೊಂದ್ಸಲ ಬಿಚ್ಚಿ" ಎಂದಳು. ಬಿಚ್ಚಿದೆ. ಸುತ್ತಿದಳು. ಮತ್ತೆ ಬಿಚ್ಚಿಸಿದಳು. ಬಾತು ಆರಿ ತಣ್ಣಗಾದರೂ ಇಬ್ಬರಿಗೂ ಹಸಿವೆಯ ನೆನಪಿಲ್ಲ. ಆದರೆ ಮನೆಗೆ ಬರುವವರೆಗೂ ದೋಣಿ ಇರಲಿ ಎಂದಾಗಲೀ ಬೇಡ ಎಂದಾಗಲೀ ತುಟಿ ಬಿಚ್ಚಲಿಲ್ಲ. ಕೇಳಲು ನನಗೂ ಭಯ. ಇವತ್ತು ಮರಿಯಯ್ಯನವರು ಬರುವ ದಿನ, ಅವರನ್ನೇ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.

ಹೊಟ್ಟೆ ತುಂಬ ಉಣ್ಣು, ಮೇಲಿನವರಿಗೆ ಎದುರಾಡಬೇಡ, ನೀರೆಂದರೆ ಹೆದರಿಕೆಯೂ ಬೇಡ, ಸಲಿಗೆಯೂ ಬೇಡ. ಆ ತಾಯಿ ನಿನ್ನನ್ನು ಕಣ್ಣಲ್ಲಿಟ್ಟು ಕಾಯಲಿ.

ನಿನ್ನ ಅಪ್ಪ,
ಲಿಂಗರಾಜು

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಮರಿಯಯ್ಯನವರು ಬಂದರು. ನಾನು ಚಪ್ಪಲಿ ಹುಡುಕುವುದರೊಳಗೆ ನಿಮ್ಮಮ್ಮ ಗೇಟಿನಲ್ಲೇ ಹೇಳಿ ಕಳಿಸಿಬಿಟ್ಟಳು: "ಬೇಜಾರ್ ಮಾಡ್ಕೋಬೇಡಿ, ದೋಣಿ ಕೊಡಲ್ಲ. ಅದನ್ನ ಓಡಿಸೋಳು ಮನೇಲಿದ್ದಾಳೆ." ನನಗೆ ಅಳು ಬಂತು ಕಣಮ್ಮ. ಮಧು ಬರೋದು ಇನ್ನೂ ದೂರ ಇದೆಯಲ್ಲೇ ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ನಾನು ಮಧು ಅಂದ್ನಾ?"