ಚಕ್ರದ ಬಾಗಿಲೊಳಗಿನ ಮಾತೆ

ಮಾನ್ಯ ಲುಬೊಮಿರ್ ಅವರಿಗೆ,

ಯೇಸುಕ್ರಿಸ್ತನಿಗೆ ಸ್ತುತಿ. ನಿಮ್ಮ ಪತ್ರ ಮುಟ್ಟಿತು. ಮಾದರಿ ಮಿಗ್ ವಿಮಾನಗಳಿಗೆಂದು ನಾವು ಮುದ್ರಿಸುವ, ನೀರಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಹಾಳೆಯಿಂದ ಚೆನ್‌ಸ್ತೊಹೋವಾ ಊರಿನ ದೇವಮಾತೆಯ ಚಿತ್ರವನ್ನು ತೆಗೆಯಬೇಕು, ಇಲ್ಲದಿದ್ದರೆ ನಿಮ್ಮ ಮಾದರಿ ವಿಮಾನ ಸಂಘದ ಪ್ರದರ್ಶನದಲ್ಲಿ ಮಾರಲು ಬಿಡುವುದಿಲ್ಲ ಎಂದಿದ್ದೀರಿ. ಅಸಲಿ ವಿಮಾನದಲ್ಲಿ ಅವಳಿದ್ದಳೆನ್ನಲು ಫೋಟೊ ಇಲ್ಲವಂತೆ.

ಇಲ್ಲ, ನಿಜ. ಅಪ್ಪನಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. "ಲೇ ಯಾದ್ವಿಗಾ, ಆ ಪುಣ್ಯಾತ್ಮನಿಗೆ ಬರಿ. ಅವತ್ತು ಯಾರಾದ್ರೂ ಫೋಟೊ ತೆಗೆದಿದ್ರೆ ನಾನು ನೆಟ್ಟಗೆ ಜೈಲಿಗೆ ಹೋಗ್ತಿದ್ದೆ ಅಂತ!"

ದೇವರನ್ನು ಒಪ್ಪದ ಕಮ್ಯುನಿಸ್ಟರ ಕಾಲದ ನಮ್ಮ ಪೋಲಿಷ್ ವಾಯುಸೇನೆಯಲ್ಲಿ ಅಪ್ಪ ಆ ವಿಮಾನದ ಮೆಕ್ಯಾನಿಕ್. ಮುಂದಿನ ಚಕ್ರ ಮಡಚಿಕೊಳ್ಳುವ ಗೂಡಿನ ಬಾಗಿಲ ಒಳಮೈಗೆ ಮಾತೆಯನ್ನು ಬರೆದರು. ಅಧಿಕಾರಿಗಳು ಅಲ್ಲಿ ಬಗ್ಗಿ ನೋಡುವವರಲ್ಲ ಎಂಬ ಧೈರ್ಯ. ಪೈಲಟ್ ಮಾತ್ರ ಹಾರುವ ಮುನ್ನ ಟೈರು ನೋಡುವ ನೆಪದಲ್ಲಿ ಬಗ್ಗುತ್ತಿದ್ದನಂತೆ. ಅಪ್ಪನ ಅಂಗಿತೋಳಿಗೆ ಹತ್ತಿದ್ದ ನೀಲಿ ಬಣ್ಣವನ್ನು ಅಮ್ಮನೂ ನಾನೂ ಉಜ್ಜಿ ತೊಳೆದಿದ್ದೇವೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ಆದ್ದರಿಂದ ತೆಗೆಯುವುದಿಲ್ಲ. ನಿಮ್ಮ ಬಳಿಯಿರುವ ಹಾಳೆಗಳಿಗೆ ಕತ್ತರಿ ಹಾಕಬೇಡಿ, ಹಾಗೇ ವಾಪಸು ಕಳಿಸಿ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನಲ್ಲಿ ಮೇಜು ಹಾಕಿ ನಾನೇ ಮಾರುತ್ತೇನೆ. ಪಾದ್ರಿಗಳನ್ನು ಕೇಳಿದ್ದಕ್ಕೆ, "ಹಾಕಮ್ಮ, ನನಗೂ ಒಂದು ಹಾಳೆ ಇಟ್ಟಿರು" ಎಂದರು.

ಗಸಗಸೆ ಕಾಳಿಗಿಂತ ತುಸು ದೊಡ್ಡದಿರುವ ಮಾತೆಯನ್ನು ನೋಡುವುದು ನಿಮ್ಮ ತೀರ್ಪುಗಾರರಿಗೆ ಅಷ್ಟು ಕಷ್ಟವಾದರೆ, ಮಾದರಿಯ ಚಕ್ರ ಮಡಚಿ ಬಾಗಿಲು ಮುಚ್ಚಿ ಅಂಟಿಸಲು ಹೇಳಿ. ಅವಳು ಒಳಗಿರುತ್ತಾಳೆ. ಹಾರುವಾಗೆಲ್ಲ ಹಾಗೇ ಇದ್ದಳು.

ಮಾತೆಯ ನೆರಳಿನಲ್ಲಿ,
ಯಾದ್ವಿಗಾ ಸ್ಕೋವ್ರೋನ್