‘ಇಲ್ಲೆ’ ಎಂದರೆ ದೂರದವನು

ನನ್ನ ದಾದಾ,

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ದಿನ ಓಣಿಯವರೆಲ್ಲ ಪೇಡಾ ಹಂಚುತ್ತಿದ್ದರು. ನೀನು ಒಲೆಯ ಹತ್ತಿರ ಕೂತು, ಹೈದರಾಬಾದಿನಲ್ಲಿ ಕಲಿತ ಲ್ಯಾಟಿನ್ನನ್ನು ನನಗೆ ಹೇಳುತ್ತಿದ್ದೆ. “ರೋಮಿನವರು ದೂರ ಇದ್ದವಗ ‘ಇಲ್ಲೆ’ ಅಂತಿದ್ರು.” ಹಾಸಿಗೆ ಹಿಡಿದಿದ್ದ ಅವ್ವ ಒಳಗಿನಿಂದಲೇ ಕೇಳಿದಳು: “ಇಲ್ಲೇ ಅಂದ್ರ ದೂರ ಹ್ಯಾಂಗ ಆಗ್ತದೋ?” ನೀನು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಾಗ, ಮಾಸ್ತರನಾಗಿದ್ದ ನಿನ್ನನ್ನು ಠಾಣಾ ಕುಶನೂರಿಗೆ ವರ್ಗ ಮಾಡಿದರು; ಅವ್ವನನ್ನು ಕರೆದುಕೊಂಡು ಮೂವರೂ ಹೋದೆವು. ಮನೆಯಲ್ಲಿ ಆಡುತ್ತಿದ್ದ ಮಾತನ್ನು ಬರೆಯಲು ನಿನಗೆ ಬರುತ್ತಿರಲಿಲ್ಲ. ತಂಗಿಯಾದ ನಾನೇ ಅಕ್ಷರ ತಿದ್ದಿಸಿದೆ. ಹೈದರಾಬಾದಿನ ಗೆಳೆಯರು ಅಲ್ಲಿನ ಕಾಲೇಜಿಗೆ ಕರೆದರು. “ಅವ್ವನ್ನ ಎತ್ತಿ ಕೂಡಿಸೋರು ಯಾರು? ನಿನ್ನ ಒಬ್ಬಾಕಿ ಕೈಲಿ ಆಗ್ತದೇನು?” ಎಂದು ನೀನು ಉಳಿದುಬಿಟ್ಟೆ. ಆಗುತ್ತಿರಲಿಲ್ಲ, ನಿಜ. ಆದರೂ ನೀನು ಹೋಗಿದ್ದರೆ…

ಜ್ವರ ನಿನ್ನನ್ನು ಒಯ್ದ ಮೇಲೆ ನಿನ್ನ ಹಾಳೆಗಳನ್ನು ಹೊತ್ತು, ಅಚ್ಚು ಹಾಕುವವರನ್ನು ಹುಡುಕಿ ಭಾಲ್ಕಿ, ಔರಾದ, ಬೀದರ ತಿರುಗಿದೆ. ಲ್ಯಾಟಿನ್ ಮತ್ತು ಅದರ ಅಕ್ಕತಂಗಿ ಭಾಷೆಗಳಲ್ಲಿ ‘ಇದು’, ‘ಅದು’ ಎಲ್ಲಿಂದ ಹುಟ್ಟಿದವು ಎಂದು ನೀನು ಕನ್ನಡದಲ್ಲೇ ಬರೆದದ್ದು. “ಇದನ್ನ ನಮ್ಮ ಕಡಿ ಯಾರು ಓದ್ತಾರ್ರಿ ಬಾಯಿ?” ಎಂದು ಎಲ್ಲರೂ ಚಹಾ ಕುಡಿಸಿ ಕಳಿಸಿದರು. ಯಾರ ಮೇಲೂ ಸಿಟ್ಟಿಲ್ಲ. ದಣಿದಿದ್ದೇನೆ, ಅಷ್ಟೇ. ಅವ್ವನೂ ಹೋದಳು. ಹಾಳೆಗಳನ್ನು ಬಿಸಿಲಿಗೆ ಹಾಕುವುದು, ಮತ್ತೆ ಕಟ್ಟಿಡುವುದು. ಯಾರಿಗಾಗಿ?

ಮೊನ್ನೆ ಹಾಳೆಗಳ ಸುದ್ದಿ ಕೇಳಿ ಭಾಲ್ಕಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು, ಹೈದರಾಬಾದಿನಲ್ಲಿ ಭಾಷಾಶಾಸ್ತ್ರ ಕಲಿಸುತ್ತಾಳೆ. ಹಾಳೆಗಳನ್ನೆಲ್ಲ ಓದಿ ಹೇಳಿದಳು: “ಇಲ್ಲಿ ನಿಮ್ಮ ದಾದಾ ತಪ್ಪ್ಯಾರ್ರಿ. ‘ಇಲ್ಲೆ’ ಮೊದ್ಲಿಂದ ಇದ್ದದ್ದಲ್ಲ, ಮೊದ್ಲು ‘ಒಲ್ಲೆ’ ಇತ್ತು. ಅಂಬ್ರಿಯನ್ ಅಂತ ಲ್ಯಾಟಿನ್ನಿನ ತಂಗಿ ಭಾಷಾದಾಗ ‘ಅತ್ತ’ ಅನ್ಲಿಕ್ಕಿ ‘ಉಲು’ ಅಂತಿದ್ರು. ಅದನ್ಯಾಕ ಬಿಟ್ರು?”

“ಅವರಿಗಿ ಪುಸ್ತಕ ಸಿಗಲಿಲ್ರಿ,” ಅಂದೆ. ನನಗೆ ಸಿಟ್ಟು ಬಂದಿತ್ತು.

“ಆದ್ರ ‘ಇವ’ ಅನ್ಲಿಕ್ಕಿ ರೋಮಿನವರು ಅಂತಿದ್ದ ‘ಹಿಕ್’ ಬಗ್ಗಿ ಬರ್ದದ್ದು ಖರೆ ಅದರಿ. ಆ ಕೊನೀ ‘ಕ್’ ಅನ್ನೋದು ‘ಇಗೋ’ ಅಂತ ಬೆರಳು ಮಾಡೋ ತುಣುಕೇ.” ಮತ್ತೆ ಹಾಳೆ ತಿರುವಿದಳು. “ಇದನ್ನ ಹ್ಯಾಂಗ ಒಪ್ಪಲಿ?”

ಸಂಜೆಯವರೆಗೂ ಅವಳು ನಿನ್ನೊಡನೆ ವಾದ ಮಾಡಿದಳು ದಾದಾ. ಚಹಾ ಆರಿಹೋಯಿತು. ಇಷ್ಟು ವರ್ಷ ‘ಚಲೋ ಅದ’ ಅಂದವರಿದ್ದರು, ತಪ್ಪು ಅನ್ನುವಷ್ಟು ಓದಿದವರು ಇರಲಿಲ್ಲ. ಹೋಗುವಾಗ ಹಾಳೆಗಳನ್ನು ಕೇಳಿದಳು. ಕೊಟ್ಟೆ. ಅಚ್ಚು ಮಾಡಿಸುವಾಗ ನಿನ್ನ ತಪ್ಪನ್ನು ತಿದ್ದುವುದಿಲ್ಲವಂತೆ, ನೀನು ಬರೆದದ್ದರ ಕೆಳಗೇ ತನ್ನ ತಕರಾರು ಬರೆಯುತ್ತಾಳಂತೆ. ನಿನಗೆ ಬೇಕಾಗಿದ್ದದ್ದು ಅದೇ ಅಲ್ಲವೇ?

ನಿನ್ನ ತಂಗಿ