ಪುಟದ ನೆತ್ತಿಯ ಮೇಲೊಂದು ಸಾಲು

ಶಿಡ್ಲಘಟ್ಟ
೧೪ ನವೆಂಬರ್ ೧೯೯೯

ಪ್ರೀತಿಯ ನಿಮಗೆ,

ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಗುಲ್ಬರ್ಗದ ಮೆಸ್ಸಿನ ಖಾರ ನಿಮ್ಮ ಹೊಟ್ಟೆಗೆ ಒಗ್ಗಿತೆ? ನಾನು ಚೆನ್ನಾಗಿದ್ದೇನೆ, ಮಂಡಿನೋವೊಂದು ಬಿಟ್ಟರೆ.

ಸಂಜೆ ಕಾಲೇಜಿನಿಂದ ಬಂದು ನಾನೇ ಬೀಗ ತೆಗೆದು ಒಳಗೆ ಹೋಗುವುದು ಬೇಡವೆನಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೇನೆ. ನಗಬೇಡಿ. ಕಲಿಸುವವಳು ತಾಹಿರಾ, ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಕಾಲೇಜಿಗೊಂದು ವೆಬ್ ಪುಟ ಬರೆದು ತೋರಿಸಿದೆ. ನೋಡಲು ಸರಿಯಾಗಿಯೇ ಇತ್ತು. ಅವಳು ಮಾತ್ರ, "ತಲೆ ಮೇಲೆ ಡಾಕ್‌ಟೈಪ್ ಸಾಲೇ ಇಲ್ವಲ್ಲ ಮೇಡಂ" ಎಂದಳು. ಆ ಸಾಲು ಪರದೆಯ ಮೇಲೆ ಕಾಣುವುದಿಲ್ಲವಂತೆ. ಕೆಳಗಿರುವುದನ್ನು ಯಾವ ನಿಯಮ ಹಿಡಿದು ಬರೆದಿದೆ ಎಂದು ಯಂತ್ರಕ್ಕೆ ಮೊದಲೇ ಹೇಳುವುದಷ್ಟೇ ಅದರ ಕೆಲಸ. ಇಲ್ಲದಿದ್ದರೆ ತಪ್ಪು ಹುಡುಕುವ ತಂತ್ರಾಂಶ ಊಹೆ ಮಾಡಬೇಕು. ನನಗೆ ಅರ್ಥವಾಗದಿದ್ದಾಗ, ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗಿಯಲ್ಲವೆ, ಹೀಗೆಂದಳು: "ಗೂಡು ಬೇಯಿಸೋ ಮುಂಚೆ ನಮ್ಮ ಅಬ್ಬಾ, ತಳಿ ಯಾವ್ದು ಅಂತ ಕೇಳ್ತಾರೆ. ಹೇಳ್ದೇ ಇದ್ರೆ ಹದ ತಪ್ಪಿ ಎಳೆ ಕಿತ್ತೋಗ್ತದೆ. ಆಮೇಲೆ ಗೂಡನ್ನ ಬೈದ್ರೆ ಅದೇನು ಮಾಡ್ತದೆ ಮೇಡಂ?"

ನಿಮ್ಮ ಕಾಗದ ನೆನಪಾಯಿತು. ಅಲ್ಲಿಗೇ ಬಂದು ನಿಮ್ಮ ಜೊತೆ ಇರಲೇ ಎಂದು ಕೇಳಿದ್ದೆ. "ನಿನ್ನ ಅನುಕೂಲ ನೋಡಿಕೊಂಡು ಬಾ" ಎಂದು ಬರೆದಿದ್ದೀರಿ. ಬೆಳಿಗ್ಗೆ ಓದಿದರೆ ಅದು ಕರೆ, ಸಂಜೆ ಓದಿದರೆ ಬೇಡವೆನ್ನುವ ಮರ್ಯಾದೆ. ಈ ವರ್ಗಾವಣೆಯನ್ನು ನೀವಾಗಿಯೇ ಕೇಳಿ ಪಡೆದದ್ದೆಂದು ನಿಮ್ಮ ಆಫೀಸಿನ ನರಸಿಂಹಪ್ಪನವರು ಮಾತಿನ ನಡುವೆ ಅಂದುಬಿಟ್ಟರು. ನನಗೆ ಗೊತ್ತಿದೆ ಅಂದುಕೊಂಡಿದ್ದರು, ಪಾಪ. ಅಂದಿನಿಂದ ನಿಮ್ಮ ಆ ಒಂದು ಸಾಲನ್ನು ಹೇಗೆ ಓದಬೇಕೆಂದೇ ತಿಳಿಯುತ್ತಿಲ್ಲ. ಕವಿತೆಯಲ್ಲಾದರೆ ಎರಡೂ ಅರ್ಥ ಇರಲಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಹಾಗೆ ಬದುಕಲು ಆಗುವುದಿಲ್ಲ.

ಚಳಿ ಶುರುವಾಗಿದೆ. ನಿಮ್ಮ ಕಂದು ಸ್ವೆಟರನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಆರೋಗ್ಯ ನೋಡಿಕೊಳ್ಳಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ರತ್ನ

ಮರೆತಿದ್ದೆ: ಕಾಲೇಜಿಗೆ ದೀರ್ಘ ರಜೆ ಬರೆದುಕೊಟ್ಟೆ. ಇಪ್ಪತ್ತಾರರ ಶುಕ್ರವಾರ ಬೆಂಗಳೂರಿನಲ್ಲಿ ರೈಲು ಹತ್ತುತ್ತೇನೆ. ಬೇಡವಾದರೆ ಗುರುವಾರದೊಳಗೆ ಪಕ್ಕದ ಸತ್ತಾರ್ ಸಾಹೇಬರ ಮನೆಗೆ ಫೋನ್ ಮಾಡಿ, ಬೇಡ ಅನ್ನಿ. ಕಾರಣ ಕೇಳುವುದಿಲ್ಲ. ಫೋನ್ ಬರದಿದ್ದರೆ ಬಾ ಎಂದೇ ಓದಿಕೊಳ್ಳುತ್ತೇನೆ. ಆಗ ಗುಲ್ಬರ್ಗದ ಸ್ಟೇಷನ್ನಿಗೆ ಬನ್ನಿ. ಚೀಲ ಎರಡಿವೆ, ನನ್ನೊಬ್ಬಳ ಕೈಲಿ ಆಗುವುದಿಲ್ಲ.